ವೀರ್ಯಾಣು ಕೌಂಟ್ 9 ಮಿಲಿಯನ್ ಬಂದಿದೆ, ಚಿಕ್ಕಂದಿನ ಎಂಡೋಸಲ್ಫಾನ್ ಕಾರಣ ಆಗಿರ್ಬಹುದಾ?

ನೀವು ಬರೆದದ್ದು ಇಷ್ಟು: ಊರು ಕಾಸರಗೋಡಿನ ಪೆರ್ಲ ಹತ್ರ, ಕೆಲಸ ಕುವೈತಲ್ಲಿ ಬೇಕರಿ, ಮದುವೆಯಾಗಿ ಮೂರು ವರ್ಷ, ಹೆಂಡತಿಯ ಟೆಸ್ಟ್ ಎಲ್ಲಾ ಮುಗಿದು ನಾರ್ಮಲ್, ಆಮೇಲೆ ನಿಮ್ಮ ವೀರ್ಯದ ಟೆಸ್ಟ್ ಮಾಡಿಸಿದ್ರೆ ವೀರ್ಯಾಣು ಕೌಂಟ್ ಒಂದು ಎಂಎಲ್‌ಗೆ 9 ಮಿಲಿಯನ್, ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಬಿಟ್ಟ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಮದ್ದಿಂದ ಹೀಗಾಯ್ತಾ ಅಂತ. ನಾನು ಡಾಕ್ಟರ್ ಅಲ್ಲ, ಲ್ಯಾಬಲ್ಲಿ ಇದೇ ಸ್ಯಾಂಪಲ್ ನೋಡುವವ. (ಗಂಡಸಿನ ಟೆಸ್ಟ್ ಅಗ್ಗ, ನೋವಿಲ್ಲ, ಆದ್ರೂ ನಮ್ಮಲ್ಲಿ ಅದು ಯಾವಾಗ್ಲೂ ಕೊನೆಗೆ. ಸುಮಾರು ಅರ್ಧ ಕೇಸಲ್ಲಿ ಗಂಡಸಿನ ಕಡೆಯಿಂದಲೂ ತೊಂದರೆ ಇರ್ತದೆ ಮಾರಾಯ್ರೆ.)

ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಒಂದು ಎಂಎಲ್‌ಗೆ 16 ಮಿಲಿಯನ್. ಅದು ಒಂದು ವರ್ಷದೊಳಗೆ ಹೆಂಡತಿ ಪ್ರೆಗ್ನೆಂಟ್ ಆದ ಗಂಡಸರನ್ನೇ ನೋಡಿ ತೆಗೆದ ಲೆಕ್ಕ, ಅವರಲ್ಲೂ ನೂರಕ್ಕೆ 5 ಜನ ಅದಕ್ಕಿಂತ ಕೆಳಗೆ ಇದ್ರು, ಹಾಗಾಗಿ 9 ಕಮ್ಮಿ ಹೌದು ಆದ್ರೆ ಮಕ್ಕಳೇ ಆಗುದಿಲ್ಲ ಅಂತ ಅರ್ಥ ಅಲ್ಲ. ಒಂದೇ ರಿಪೋರ್ಟ್ ನಂಬಿ ಕೂರ್ಬೇಡಿ. ಸ್ಯಾಂಪಲ್ ಕೊಡುವ ಮೊದಲು ವೀರ್ಯ ಹೊರಗೆ ಹೋಗದೆ ಎರಡರಿಂದ ಏಳು ದಿನ ಗ್ಯಾಪ್ ಇತ್ತಾ, ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿತಾ, ಮೊದಲ ಭಾಗ ಡಬ್ಬಿಗೆ ಬೀಳದೆ ಹೊರಗೆ ಹೋಯ್ತಾ? ಮೊದಲು ಬರುವುದರಲ್ಲೇ ವೀರ್ಯಾಣು ಜಾಸ್ತಿ, ಅದು ಹೋದ್ರೆ ಕೌಂಟೂ ಹೋಯ್ತು, ನಾಚಿಕೆಯಿಂದ ಯಾರೂ ಹೇಳುದಿಲ್ಲ.

ಎಂಡೋಸಲ್ಫಾನ್ ವಿಷಯ. ನಿಮ್ಮ ಸಂಶಯ ಹುಚ್ಚು ಸಂಶಯ ಅಲ್ಲ. ನಮ್ಮ ಜಿಲ್ಲೆಯ ಗೇರು ಗುಡ್ಡೆಯ ಕೆಳಗಿನ ಒಂದು ಊರಿನ 117 ಹುಡುಗರನ್ನು ಬೇರೆ ಕಡೆಯ 90 ಹುಡುಗರ ಜೊತೆ ಹೋಲಿಸಿ 2003ರಲ್ಲಿ ಒಂದು ಅಧ್ಯಯನ ಬಂತು, ಮದ್ದು ಬಿದ್ದ ಊರಿನ ಹುಡುಗರು ಪ್ರಾಯಕ್ಕೆ ಬರುದು ತಡ, ಹಾರ್ಮೋನಲ್ಲೂ ವ್ಯತ್ಯಾಸ ಅಂತ. ಆದ್ರೆ ಅದರಲ್ಲಿ ವೀರ್ಯಾಣು ಲೆಕ್ಕ ಮಾಡಿರ್ಲಿಲ್ಲ. ಆಕಾಶದಿಂದ ಮದ್ದು ಬಿಡುದು 2000ಕ್ಕೆ ನಿಂತಿದೆ, ಇವತ್ತು ನಿಮ್ಮ ರಕ್ತ ತೆಗೆದು ಇದರಿಂದಲೇ ಅಂತ ಬರ್ದು ಕೊಡುವ ಟೆಸ್ಟ್ ಇಲ್ಲ. ಹಾಗಾಗಿ ಅದನ್ನೇ ಹಿಡ್ಕೊಂಡು ಕೂತ್ರೆ ಸರಿ ಮಾಡ್ಲಿಕ್ಕೆ ಆಗುವಂಥದ್ದು ತಪ್ಪಿ ಹೋಗ್ತದೆ.

ವೀರ್ಯಾಣು ತಯಾರಾಗಿ ಹೊರಗೆ ಬರ್ಲಿಕ್ಕೆ ಸುಮಾರು ಎರಡೂವರೆ ಮೂರು ತಿಂಗಳು ಬೇಕು, ರಿಪೋರ್ಟ್ ಕಾಣಿಸುದು ಆ ತಿಂಗಳುಗಳನ್ನು. ಆಗ ಡೆಂಗ್ಯೂ ಅಥವಾ ಜೋರು ಜ್ವರ ಬಂದಿತ್ತಾ? ಅಷ್ಟೇ ಸಾಕು ಕೌಂಟ್ ಇಳಿಲಿಕ್ಕೆ, ಆಮೇಲೆ ತಾನಾಗಿ ಏರ್ತದೆ. ಬೀಜಕ್ಕೆ (ವೃಷಣಕ್ಕೆ) ಮೈಗಿಂತ ಎರಡು ನಾಲ್ಕು ಡಿಗ್ರಿ ತಣ್ಣಗೆ ಬೇಕು, ನೀವು ದಿನವಿಡೀ ಓವನ್ ಎದುರು ನಿಲ್ಲುವವರು, ಸಾಧ್ಯ ಆದ್ರೆ ಕೌಂಟರಿಗೋ ಪ್ಯಾಕಿಂಗಿಗೋ ಕೇಳಿ ನೋಡಿ. ಸಿಗರೇಟ್, ಗುಟ್ಕಾ, ಹೊಗೆಸೊಪ್ಪು ಹಾಕಿದ ಬೀಡ ಬಿಡಿ, ಕುಡಿತ ಕಮ್ಮಿ ಮಾಡಿ, ಹೊಟ್ಟೆ ಬಂದಿದ್ರೆ ಇಳಿಸಿ, ಶುಗರ್ ನೋಡಿಸಿ. ಜಿಮ್‌ನವರು ಹಾಕುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಗ್ಗೆ ಮಾತ್ರ ಜೋರಾಗಿ ಹೇಳ್ತೇನೆ: ಗಂಡಸುತನದ ಹಾರ್ಮೋನ್ ಅಲ್ವಾ ಒಳ್ಳೆದು ಅಂತ ತಗೊಳ್ತಾರೆ, ಹೊರಗಿಂದ ಬಂದ ಕೂಡ್ಲೇ ಮೆದುಳು ಬೀಜಕ್ಕೆ ಕೆಲಸ ಮಾಡು ಅಂತ ಹೇಳುದನ್ನೇ ನಿಲ್ಲಿಸ್ತದೆ, ಕೌಂಟ್ ಸೊನ್ನೆಗೆ ಬಂದದ್ದೂ ಉಂಟು. ತಗೊಳ್ತಿದ್ರೆ ಡಾಕ್ಟರಿಗೆ ಹೇಳಿಯೇ ನಿಲ್ಲಿಸಿ.

ಮತ್ತೊಂದು, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ ಅಂದ್ರೆ ನಿಮಗೆ ಸಿಕ್ಕಿದ್ದು ಮೂರು ವರ್ಷ ಅಲ್ಲ, ಮೂರ್ನಾಲ್ಕು ತಿಂಗಳು. ಗರ್ಭ ನಿಲ್ಲುವ ದಿನ ತಿಂಗಳಲ್ಲಿ ಸುಮಾರು ಆರು ಮಾತ್ರ. ಒಂದು ವರ್ಷ ಒಟ್ಟಿಗೆ ಇದ್ದೂ ಆಗದಿದ್ರೆ ಮಾತ್ರ ಬಂಜೆತನ ಅಂತಾರೆ. ಟಿಕೆಟ್ ಮಾಡುವಾಗ ಹೆಂಡತಿಯ ಮುಟ್ಟಿನ ಡೇಟ್ ಕೇಳಿ ಮಾಡಿ.

ಈ ಸಲ ಬಂದಾಗ ಮಂಗಳೂರಿಗೆ ಹೋಗಿ ಯೂರಾಲಜಿಸ್ಟ್ (ಮೂತ್ರ ಮತ್ತು ಗಂಡಸರ ಅಂಗದ ಡಾಕ್ಟರ್) ಹತ್ರ ಕೈಯಲ್ಲಿ ಪರೀಕ್ಷೆ ಮಾಡಿಸಿ, ಸ್ಕ್ಯಾನ್ ಒಂದೇ ಸಾಲದು. ಬೀಜದ ಚೀಲದ ರಕ್ತನಾಳ ಉಬ್ಬಿರುದು, ವೆರಿಕೋಸೀಲ್ ಅಂತಾರೆ, ಎಲ್ಲಾ ಗಂಡಸರಲ್ಲಿ ನೂರಕ್ಕೆ ಸುಮಾರು 15 ಜನಕ್ಕೆ ಉಂಟು, ಮಕ್ಕಳಾಗದೆ ಬರುವವರಲ್ಲಿ 35-40, ಬೇಕಾದವರಿಗೆ ಆಪರೇಶನ್ ಮಾಡ್ತಾರೆ. ಕೌಂಟ್ ಏರಿಸ್ತೇವೆ ಅನ್ನುವ ಆನ್‌ಲೈನ್ ಪೌಡರಿಗೆ ದುಡ್ಡು ಹಾಕ್ಬೇಡಿ.

ವಾಲ್ಯೂಮ್, ಅಂದ್ರೆ ಒಟ್ಟು ವೀರ್ಯ ಎಷ್ಟು ಎಂಎಲ್ ಅಂತ ನೀವು ಬರೀಲಿಲ್ಲ. 1.4 ಎಂಎಲ್‌ಗಿಂತ ಕಮ್ಮಿ ಇದ್ದು ಸ್ಯಾಂಪಲ್ ಚೆಲ್ಲಿರ್ಲಿಲ್ಲ ಅಂತಾದ್ರೆ ಅದನ್ನು ಡಾಕ್ಟರಿಗೆ ತೋರಿಸ್ಲಿಕ್ಕೆ ಮರೀಬೇಡಿ.