ತಳ್ಳುಗಾಡಿಯಿಂದ ಅಂಗಡಿಗೆ: ಮೊದ್ಲು ಗುರುತಿನ ಚೀಟಿ, ಆಮೇಲೆ ಸಾಲ

ಬ್ರದರ್, ಅಮ್ಮ ಗಾಡೀಲಿ ತರಕಾರಿ ಮಾರ್ತಾರೆ, ಮೀಟರ್ ಬಡ್ಡಿ ಬಿಟ್ಟು ಬ್ಯಾಂಕ್ ಸಾಲ ತಗೊಂಡು ಅಂಗಡಿ ಇಡ್ಬೋದಾ ಅಂತ ಕೇಳಿದ್ರಲ್ಲ, ಇಡ್ಬೋದು, ಆದ್ರೆ ಒಂದೇ ಸಲ ಅಂಗಡಿಗೆ ಕೈ ಹಾಕ್ಬೇಡಿ. ಮೊದ್ಲು ನಗರಸಭೇಲಿ ಬೀದಿಬದಿ ವ್ಯಾಪಾರಿ ಗುರುತಿನ ಚೀಟಿ ಕೇಳಿ, ಅವರು ಮಾಡಿದ ವ್ಯಾಪಾರಿಗಳ ಸರ್ವೇಲಿ ಹೆಸ್ರು ಬಿಟ್ಟೋಗಿದ್ರೆ ಶಿಫಾರಸು ಪತ್ರ ಕೊಡ್ತಾರೆ, ಅದನ್ನ ಇಟ್ಕೊಂಡೂ ಪಿಎಂ ಸ್ವನಿಧಿಗೆ (ಬೀದಿ ವ್ಯಾಪಾರಿಗಳಿಗೆ ಕೇಂದ್ರ ಸರ್ಕಾರದ ಸಾಲ ಯೋಜನೆ) ಅರ್ಜಿ ಹಾಕ್ಬೋದು. 2020ರಲ್ಲಿ ಶುರುವಾದಾಗ ಮೊದಲ ಸಾಲ 10 ಸಾವಿರ ಇತ್ತು, 2025ರಲ್ಲಿ 15 ಮಾಡಿದ್ರು, ಅದನ್ನ ತೀರ್ಸಿದ್ರೆ 25, ಆಮೇಲೆ 50 ಸಾವಿರದವರೆಗೆ. ಅಡಮಾನ ಏನೂ ಬೇಡ, ಕಂತು ಟೈಮಿಗೆ ಕಟ್ಟಿದ್ರೆ ಶೇ. 7ರಷ್ಟು ಬಡ್ಡಿ ಸಬ್ಸಿಡಿ ಖಾತೆಗೆ ಬರುತ್ತೆ. ಆಧಾರ್‌ಗೆ ಅಮ್ಮಂದೇ ಮೊಬೈಲ್ ನಂಬರ್ ಲಿಂಕ್ ಇರ್ಲಿ, ಓಟಿಪಿ ಅದಕ್ಕೇ ಬರೋದು (ಮಗನ ಹಳೇ ನಂಬರ್ ಕೊಟ್ಟು ಪರದಾಡಿದೋರನ್ನ ನೋಡಿದೀನಿ).

ನನ್ ಪ್ರಕಾರ ಮೊದಲ ಸಾಲದಲ್ಲಿ ಮೀಟರ್ ಬಡ್ಡಿ ತೀರ್ಸೋಕೆ ಹೋಗ್ಬೇಡಿ, ಬೆಳಗಿನ ಜಾವ ಎಪಿಎಂಸಿಲಿ ಕ್ಯಾಶ್ ಕೊಟ್ಟು ಮಾಲು ಎತ್ತಿ, ಆಗ ದಿನದ ಬಡ್ಡಿಗೆ ಕೈಚಾಚೋದು ತಪ್ಪುತ್ತೆ. ಗಾಡಿಗೆ ಕ್ಯೂಆರ್ ಹಾಕ್ಸಿ, ಡಿಜಿಟಲ್ ಪಾವತಿಗೆ ಯೋಜನೇಲಿ ಸಿಗೋ ಕ್ಯಾಶ್‌ಬ್ಯಾಕ್ ಪುಡಿಗಾಸೇ ಬಿಡಿ, ಆದ್ರೆ ವ್ಯಾಪಾರದ ಲೆಕ್ಕ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಕಾಣುತ್ತೆ. ಅಂಗಡಿ ಅಡ್ವಾನ್ಸು, ಬಾಡಿಗೆ ಎಲ್ಲ ಎರಡನೇ ಸಾಲ ತೀರಿದ್ಮೇಲೆ ಯೋಚ್ನೆ ಮಾಡಿ. ಗಾಡಿ ನಿಲ್ಸೋ ಜಾಗದ ಹತ್ರಾನೇ ಮಳಿಗೆ ನೋಡಿ, ಗಿರಾಕಿಗಳು ಅಮ್ಮನ್ ಮುಖ ನೋಡಿ ಬರೋರು.