ಭಾರತದ ಕಾರ್ಮಿಕ ಪಡೆ ಎಷ್ಟು ಕೋಟಿ? ವರ್ಷಕ್ಕೆ ಎಷ್ಟು ಬೆಳೆಯುತ್ತಿದೆ?

ಒಂದು ಕಡೆ 48 ಕೋಟಿ, ಇನ್ನೊಂದು ಕಡೆ 63 ಕೋಟಿ ಅಂತ ಓದಿದ್ದೇನೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿಯೇ, ಆದರೆ ಎರಡೂ ಒಂದೇ ಲೆಕ್ಕವಲ್ಲ. 48.17 ಕೋಟಿ ಅನ್ನುವುದು 2011ರ ಜನಗಣತಿಯಲ್ಲಿ ಸಿಕ್ಕ ದುಡಿಯುವವರ ಸಂಖ್ಯೆ, ಕೆಲಸ ಹುಡುಕುತ್ತಿದ್ದವರು ಅದರಲ್ಲಿಲ್ಲ. ಕಾರ್ಮಿಕ ಪಡೆ ಅಂದರೆ ದುಡಿಯುವವರ ಜೊತೆಗೆ ಕೆಲಸ ಹುಡುಕುತ್ತಿರುವವರೂ ಸೇರಬೇಕು. 63 ಕೋಟಿ 2023-24ರ ಅಂದಾಜು.

ಆ ಅಂದಾಜನ್ನು ನೀವೇ ಹಾಕಿ ನೋಡಬಹುದು. ಕೇಂದ್ರ ಸರ್ಕಾರದ ಕಾರ್ಮಿಕ ಪಡೆ ಸಮೀಕ್ಷೆಯಿಂದ (ಪಿಎಲ್‌ಎಫ್‌ಎಸ್) ಶೇಕಡಾವಾರು ತಗೊಳ್ಳಿ, ಅಧಿಕೃತ ಜನಸಂಖ್ಯಾ ಮುನ್ನಂದಾಜಿನಿಂದ 15 ವರ್ಷ ತುಂಬಿದವರ ಸಂಖ್ಯೆ ತಗೊಳ್ಳಿ, ಗುಣಿಸಿ. 2017-18ರಲ್ಲಿ ಸುಮಾರು 95 ಕೋಟಿ ಜನರ ಶೇ 49.8, ಅಂದರೆ 47 ಕೋಟಿ ಚಿಲ್ಲರೆ. 2023-24ರಲ್ಲಿ ಸುಮಾರು 105 ಕೋಟಿಯ ಶೇ 60.1, ಅಂದರೆ 63 ಕೋಟಿ. ಸಮೀಕ್ಷೆಯ ಕಚ್ಚಾ ದತ್ತಾಂಶದಿಂದ ನೇರವಾಗಿ ಕೋಟಿ ತೆಗೆಯಲು ಹೋಗಬೇಡಿ, ಅಲ್ಲಿ ಒಟ್ಟು ಜನಸಂಖ್ಯೆಯೇ ಕಡಿಮೆ ಬರುತ್ತದೆ.

ಹಾಗಾದರೆ ಆರು ವರ್ಷದಲ್ಲಿ ಸುಮಾರು 16 ಕೋಟಿ ಏರಿಕೆ. ಇದನ್ನು ಆರರಿಂದ ಭಾಗಿಸಿ 'ವರ್ಷಕ್ಕೆ 2.6 ಕೋಟಿ ಬೆಳವಣಿಗೆ' ಅಂತ ಬರೆಯುವವರಿದ್ದಾರೆ. ಹಾಗೆ ಮಾಡಬೇಡಿ. ಏರಿಕೆಯನ್ನು ಬಿಡಿಸಿ ನೋಡಿ: ವಯಸ್ಕರ ಸಂಖ್ಯೆ 10 ಕೋಟಿ ಹೆಚ್ಚಾದದ್ದರಿಂದ ಬಂದದ್ದು 5 ಕೋಟಿ ಮಾತ್ರ. ಉಳಿದ 11 ಕೋಟಿ ಬಂದದ್ದು ಶೇಕಡಾವಾರು ಏರಿದ್ದರಿಂದ. ಏರಿಸಿದವರು ಹೆಂಗಸರು. ಗಂಡಸರ ಪ್ರಮಾಣ ಶೇ 75.8ರಿಂದ 78.8ಕ್ಕೆ ಹೋದರೆ, ಹೆಂಗಸರದ್ದು ಶೇ 23.3ರಿಂದ 41.7ಕ್ಕೆ ಜಿಗಿದಿದೆ. ಹಳ್ಳಿ ಹೆಂಗಸರದ್ದಂತೂ ಶೇ 24.6ರಿಂದ 47.6ಕ್ಕೆ.

ಈ ಜಿಗಿತದ ಒಳಗೆ ಏನಿದೆ ಅಂತ ನೋಡದೆ ಅಂಕಿ ಬಳಸುವುದು ಅನ್ಯಾಯ. ಸಮೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಹಾಕುತ್ತಾರೆ. ಸ್ವಂತ ಕಸುಬು 11, ಮನೆಯ ಹೊಲ-ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು 21, ತಿಂಗಳ ಸಂಬಳ 31, ಕೆಲಸ ಹುಡುಕುವವರು 81, ಬರೀ ಮನೆಗೆಲಸ 92, ಮನೆಗೆಲಸದ ಜೊತೆ ಸೌದೆ, ಹುಲ್ಲು ತರುವುದು 93. ಕೊನೆಯ ಎರಡೂ ಕಾರ್ಮಿಕ ಪಡೆಯ ಹೊರಗೆ. ಒಬ್ಬ ಹೆಂಗಸು ವರ್ಷದ ಬಹುಪಾಲು ಮನೆಗೆಲಸದಲ್ಲಿದ್ದು, ಗಂಡನ ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಅಂತ 30 ದಿನ ದುಡಿದಿದ್ದರೆ ಸಾಕು, 'ಪೂರಕ ಕೆಲಸ'ದ ಲೆಕ್ಕದಲ್ಲಿ ಒಳಗೆ ಬರುತ್ತಾಳೆ. ಸಮೀಕ್ಷೆಯವರು ಕೇಳಿದಾಗ ಮನೆಯ ಗಂಡಸೇ ಉತ್ತರ ಕೊಟ್ಟು 'ಅವಳು ಮನೇಲೇ ಇರ್ತಾಳೆ' ಅಂದುಬಿಟ್ಟರೆ, ಮತ್ತೆ ಕೆದಕಿ ಕೇಳದಿದ್ದರೆ, ಅವಳು 92ಕ್ಕೋ 93ಕ್ಕೋ ಹೋಗಿಬಿಡುತ್ತಾಳೆ. ಅವಳ ದುಡಿಮೆ ಮಾತ್ರ ಎರಡೂ ಸಂದರ್ಭದಲ್ಲಿ ಅಷ್ಟೇ.

ಆದ್ದರಿಂದ ಏರಿಕೆಯೆಲ್ಲ ಹೊಸ ಉದ್ಯೋಗ ಅಂದುಕೊಳ್ಳಬೇಡಿ. ಇದೇ ಅವಧಿಯಲ್ಲಿ ದುಡಿಯುವವರಲ್ಲಿ ಸ್ವಂತ ಕಸುಬಿನವರ ಪಾಲು (ಸಂಬಳವಿಲ್ಲದವರೂ ಸೇರಿ) ಶೇ 52.2ರಿಂದ 58.4ಕ್ಕೆ ಏರಿತು, ತಿಂಗಳ ಸಂಬಳದವರ ಪಾಲು ಶೇ 22.8ರಿಂದ 21.7ಕ್ಕೆ ಇಳಿಯಿತು. ಕೃಷಿಯ ಪಾಲು 2018-19ರಲ್ಲಿ ಶೇ 42.5 ಇದ್ದದ್ದು 2023-24ರಲ್ಲಿ ಶೇ 46.1. ಬೆಳೆಯುತ್ತಿರುವ ದೇಶದಲ್ಲಿ ಜನ ಹೊಲಕ್ಕೆ ವಾಪಸಾಗುವುದು ಒಳ್ಳೆಯ ಲಕ್ಷಣವಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಬೆಳವಣಿಗೆಗೆ ಒಂದು ಅಂಕಿ ಬೇಕಿದ್ದರೆ, ಶೇಕಡಾವಾರು ಈಗಿದ್ದಷ್ಟೇ ಇರುತ್ತದೆ ಅಂದುಕೊಂಡು ವರ್ಷಕ್ಕೆ ಸುಮಾರು 1 ಕೋಟಿ ಅನ್ನಿ. 2023-24ರ ಆರ್ಥಿಕ ಸಮೀಕ್ಷೆ 2030ರವರೆಗೆ ವರ್ಷಕ್ಕೆ ಸರಾಸರಿ 78.5 ಲಕ್ಷ ಕೃಷಿಯೇತರ ಉದ್ಯೋಗ ಬೇಕು ಅಂದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಹೋಲಿಸುವಾಗ ಎಡವುವುದು ಮುಖ್ಯವಾಗಿ ಮೂರು ಕಡೆ. ಒಂದು, ವಯಸ್ಸು: 2023-24ಕ್ಕೆ 15 ದಾಟಿದವರಲ್ಲಿ ಶೇ 60.1, ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಶೇ 45.1. ಎರಡು, ಅವಧಿ: ಹಿಂದಿನ ಒಂದು ವರ್ಷದ ಬದಲು ಹಿಂದಿನ ಏಳು ದಿನ ಕೇಳಿದರೆ ಅದೇ 60.1 ಇಳಿದು 56.2 ಆಗುತ್ತದೆ, ನಿರುದ್ಯೋಗ ಶೇ 3.2ರಿಂದ 4.9ಕ್ಕೆ ಏರುತ್ತದೆ. ವಾರದಲ್ಲಿ ಒಂದು ಗಂಟೆ ದುಡಿದರೂ ಅಲ್ಲಿ ಕೆಲಸವಿದೆ ಅಂತಲೇ ಲೆಕ್ಕ. ಮೂರು, ಖಾಸಗಿ ಸಂಸ್ಥೆ ಸಿಎಂಐಇ ಅಂಕಿ: ಅವರು ಸಂಬಳವಿಲ್ಲದೆ ಮನೆಯ ಹೊಲದಲ್ಲಿ ದುಡಿಯುವವರನ್ನು ಹಾಗೆ ಸೇರಿಸಿಕೊಳ್ಳುವುದಿಲ್ಲ, ಅದಕ್ಕೇ ಅವರದ್ದು ಶೇ 40ರ ಆಸುಪಾಸಿನಲ್ಲಿರುತ್ತದೆ.

ಇನ್ನೊಂದು ವಿಷಯ. 2025ರ ಜನವರಿಯಿಂದ ಪಿಎಲ್‌ಎಫ್‌ಎಸ್ ಮಾದರಿಯೇ ಬದಲಾಗಿದೆ, ಸುಮಾರು 1.02 ಲಕ್ಷ ಮನೆಗಳ ಬದಲು 2.72 ಲಕ್ಷ ಮನೆ, ಜೊತೆಗೆ ಪ್ರತಿ ತಿಂಗಳೂ ಅಂಕಿ. ಆ ತಿಂಗಳ ಅಂಕಿ ಏಳು ದಿನದ ಲೆಕ್ಕ. ಹಾಗಾಗಿ 2025ರ ಏಪ್ರಿಲ್‌ನ ಶೇ 55.6 ಅನ್ನು 60.1ರ ಪಕ್ಕದಲ್ಲಿಟ್ಟು 'ಕಾರ್ಮಿಕ ಪಡೆ ಕುಸಿಯಿತು' ಅಂತ ಯಾರಾದರೂ ಬರೆದಿದ್ದರೆ ನಂಬಬೇಡಿ.