ಅತಿಥಿಗಳಿಂದ ಬಾಡಿಗೆ ಮನೆಗೆ ಆಗುವ ಹಾನಿ: ಠೇವಣಿ ಒಂದೇ ಸಾಕೇ?

ನಿಮ್ಮ ಎರಡನೇ ಮನೆಯನ್ನು ದಿನಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಹೊರಟಿದ್ದೀರಿ. ಬಂದವರು ಸಾಮಾನು ಹಾಳುಮಾಡಿ ಹೋದರೆ ಏನು ಮಾಡುವುದು, ದೊಡ್ಡ ಮೊತ್ತದ ಠೇವಣಿ ಪಡೆದರೆ ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಇಂಥದೇ ಒಂದು ಮನೆಯನ್ನು ನಡೆಸಿಕೊಂಡು ಬಂದವನಾಗಿ ಹೇಳುತ್ತೇನೆ, ಸಾಕಾಗುವುದಿಲ್ಲ. ಠೇವಣಿಯಿಂದ ಹೆಚ್ಚೆಂದರೆ ಖರ್ಚಾದ ಹಣ ವಾಪಸು ಬರುತ್ತದೆ. ಹಾನಿ ದೊಡ್ಡದಾಗದಂತೆ ತಡೆಯಬೇಕಾದರೆ, ಏನಾದರೂ ಕೆಟ್ಟ ಕೂಡಲೇ ಅತಿಥಿ ತಾನಾಗಿಯೇ ನಿಮಗೆ ತಿಳಿಸುವಂತಿರಬೇಕು.

ಇದನ್ನು ನಾನು ಕಲಿತದ್ದು ಅಡುಗೆಮನೆಯ ಸಿಂಕ್‌ನ ಕೆಳಗೆ. ನಾಲ್ಕು ರಾತ್ರಿ ತಂಗಿದ್ದ ಒಂದು ಕುಟುಂಬ ಹೊರಟ ಮೇಲೆ ಕಪಾಟಿನ ಬಾಗಿಲು ತೆಗೆದಾಗ, ಒಳಗೆ ಸ್ಟೀಲ್ ಪಾತ್ರೆಯೊಂದು ಅಂಚಿನವರೆಗೆ ತುಂಬಿ ನಿಂತಿತ್ತು. ಪೈಪಿನ ಜೋಡಣೆ ಸಡಿಲವಾಗಿ ನೀರು ತೊಟ್ಟಿಕ್ಕುತ್ತಿತ್ತು. ತುಂಬಿ ಚೆಲ್ಲಿದ ನೀರಿಗೆ ತಳದ ಹಲಗೆ ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಉಬ್ಬಿ ಮೆತ್ತಗಾಗಿತ್ತು, ಅಂಚಿನ ಲ್ಯಾಮಿನೇಟ್ ಪಟ್ಟಿ ಕಿತ್ತು ಬಂದಿತ್ತು. ಪಾತ್ರೆ ಇಟ್ಟವರಿಗೆ ಸೋರಿಕೆ ಗೊತ್ತಿತ್ತು ಎಂಬುದು ಸ್ಪಷ್ಟ. ಆದರೂ ಹೇಳಲಿಲ್ಲ. ಅದಕ್ಕೆ ಕಾರಣ ಅದೇ ಅಡುಗೆಮನೆಯ ಗೋಡೆಯ ಮೇಲೆ ನಾನೇ ಅಂಟಿಸಿದ್ದ, ಯಾವುದು ಒಡೆದರೆ ಎಷ್ಟು ದಂಡ ಎಂಬ ಪಟ್ಟಿ ಎಂದು ಈಗಲೂ ನಂಬಿದ್ದೇನೆ. ಹೇಳಿದ್ದರೆ ಒಂದು ವಾಷರ್‌ನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಡೀ ಕಪಾಟನ್ನೇ ಬದಲಿಸಬೇಕಾಯಿತು. ಆ ಪಟ್ಟಿಯನ್ನು ಅಂದೇ ಕಿತ್ತುಹಾಕಿದೆ. ಅದರ ಬದಲು ಪ್ರತಿ ಅತಿಥಿಗೆ ಬಂದ ದಿನವೇ ಒಂದು ಸಂದೇಶ ಕಳುಹಿಸುತ್ತೇನೆ: ಲೋಟ, ತಟ್ಟೆಯಂಥ ಸಣ್ಣ ವಸ್ತು ಒಡೆದರೆ ಹಣ ಕೇಳುವುದಿಲ್ಲ, ಆದರೆ ನೀರು, ವಿದ್ಯುತ್ತು, ಗ್ಯಾಸ್, ಬೀಗ ಇವುಗಳಲ್ಲಿ ಏನೇ ವ್ಯತ್ಯಾಸ ಕಂಡರೂ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂಬ ಚಿತ್ರವನ್ನೂ ಜೊತೆಗೆ ಕಳುಹಿಸುತ್ತೇನೆ. ಅಂದಿನಿಂದ ಜನ ಹೇಳತೊಡಗಿದರು.

ಎರಡನೆಯದಾಗಿ, ನೀವು ಹಾನಿ ಎಂದು ಎಣಿಸುವ ಬಹುಪಾಲು ಸಂಗತಿಗಳು ಅಪರಿಚಿತ ಮನೆಯಲ್ಲಿ ಯಾರಿಗಾದರೂ ಆಗುವಂಥವು. ಬಿಸಿ ಪಾತ್ರೆ ಇಡಲು ಎದುರಿಗೇ ಮಣೆ ಕಾಣದಿದ್ದರೆ ಅದು ಮೇಜಿನ ಮೇಲೇ ಇಳಿಯುತ್ತದೆ. ಸೂಟ್‌ಕೇಸ್ ಇಡಲು ಸ್ಟ್ಯಾಂಡ್ ಇಲ್ಲದಿದ್ದರೆ ಅದರ ಚಕ್ರಗಳು ಹಾಸಿಗೆಯ ಹೊದಿಕೆಯ ಮೇಲೆ ಉರುಳುತ್ತವೆ. ಪ್ರಸಾಧನ ಒರೆಸಿಕೊಳ್ಳಲು ಕಪ್ಪು ಬಣ್ಣದ ಸಣ್ಣ ಬಟ್ಟೆಯನ್ನು ಕನ್ನಡಿಯ ಬಳಿ ಇಟ್ಟರೆ ಬಿಳಿ ಟವೆಲ್‌ಗಳು ಉಳಿಯುತ್ತವೆ. ಹಾಸಿಗೆಗೂ ದಿಂಬಿಗೂ ನೀರು ಇಳಿಯದ ಕವಚ ಕಡ್ಡಾಯವಾಗಿ ಹಾಕಿ, ಏಕೆಂದರೆ ಹಾಸಿಗೆಯ ಒಳಗೆ ಒಮ್ಮೆ ಇಳಿದದ್ದನ್ನು ಮತ್ತೆ ಪೂರ್ತಿ ಹೊರತೆಗೆಯಲಾಗದು. ಬಾಗಿಲ ಹಿಡಿ ಗೋಡೆಗೆ ಬಡಿಯುವಲ್ಲಿ ರಬ್ಬರ್ ತಡೆ ಇರಲಿ, ಗೋಡೆಗೆ ತೊಳೆಯಬಹುದಾದ ಬಣ್ಣವಿರಲಿ, ಮತ್ತು ಉಳಿದ ಬಣ್ಣದ ಡಬ್ಬಿಯನ್ನು ಅದರ ಸಂಖ್ಯೆ ಅಳಿಸದಂತೆ ಎತ್ತಿಡಿ. ಮನಸ್ಸಿಗೆ ಹತ್ತಿರವಾದ ವಸ್ತು ಯಾವುದೇ ಇರಲಿ, ಅದನ್ನು ಬೀಗ ಹಾಕಿದ ಕಪಾಟಿಗೆ ಸೇರಿಸಿ ಅಥವಾ ಆ ಮನೆಯಿಂದಲೇ ಒಯ್ಯಿರಿ. ಅದಕ್ಕೆ ಸರಿಯಾದ ಪರಿಹಾರವನ್ನು ಯಾರೂ ಕೊಡಲಾರರು.

ಇಷ್ಟಾದರೂ ನಿಜವಾದ ಹಾನಿ ಆಗಿಯೇ ಆಗುತ್ತದೆ, ಆಗ ನಿಮ್ಮ ಮಾತಿಗೆ ದಾಖಲೆಯೇ ಆಧಾರ. ಒಬ್ಬ ಅತಿಥಿ ಹೊರಟು ಇನ್ನೊಬ್ಬರು ಬರುವ ನಡುವಿನ ಕೆಲವು ಗಂಟೆಗಳು ನಿಮ್ಮ ಇಡೀ ವ್ಯವಹಾರದಲ್ಲೇ ಬೆಲೆಯುಳ್ಳವು, ಆ ಹೊತ್ತಿನಲ್ಲಿ ಮನೆಯೊಳಗೆ ಇರುವವರು ಸ್ವಚ್ಛತೆಯ ಕೆಲಸದವರು. ಅವರು ಕಸ ತೆಗೆಯುವ ಮೊದಲೊಮ್ಮೆ, ಹಾಸಿಗೆ ಹಾಸಿದ ಮೇಲೊಮ್ಮೆ, ಪ್ರತಿ ಕೋಣೆಯನ್ನೂ ಅದೇ ಮೂಲೆಗಳಿಂದ ಚಿತ್ರ ತೆಗೆದು ಕಳುಹಿಸುವ ರೂಢಿ ಮಾಡಿಸಿ, ಆ ಕೆಲಸಕ್ಕೆ ಪ್ರತ್ಯೇಕ ಹಣವನ್ನೂ ಕೊಡಿ. ಚಿತ್ರದಲ್ಲಿ ದಿನಾಂಕ ಮತ್ತು ಸಮಯ ದಾಖಲಾಗಿರಬೇಕು. ದೊಡ್ಡ ವಸ್ತುಗಳ ಖರೀದಿ ರಸೀದಿಗಳನ್ನು ಒಂದೆಡೆ ಜೋಡಿಸಿಡಿ. ಐದು ವರ್ಷ ಬಳಸಿದ ಸೋಫಾಕ್ಕೆ ಹೊಸದರ ಬೆಲೆ ಕೇಳಿದರೆ ಕೊಡುವವರಿಲ್ಲ, ಕೇಳುವುದು ನ್ಯಾಯವೂ ಅಲ್ಲ.

ಯಾವ ಆನ್‌ಲೈನ್ ಬುಕಿಂಗ್ ವೇದಿಕೆಯ ಮೂಲಕ ಮನೆ ಕೊಡುತ್ತೀರೋ ಅದರ ನಿಯಮಗಳನ್ನು ಮೊದಲೇ ಓದಿಕೊಳ್ಳಿ, ಗಡುವುಗಳು ಬಹಳ ಚಿಕ್ಕವು. ಉದಾಹರಣೆಗೆ ಏರ್‌ಬಿಎನ್‌ಬಿ ತನ್ನ ಆತಿಥೇಯರಿಗೆ, ಅಂದರೆ ಮನೆ ಕೊಡುವವರಿಗೆ, ಒದಗಿಸುವ ಏರ್‌ಕವರ್ ಎಂಬ ಹಾನಿ ರಕ್ಷಣೆಯ ಮಿತಿ 30 ಲಕ್ಷ ಡಾಲರ್ ಇದ್ದರೂ, ಅತಿಥಿ ಹೊರಟ 14 ದಿನಗಳೊಳಗೆ ಪರಿಹಾರದ ಕೋರಿಕೆ ಸಲ್ಲಿಸಬೇಕು. ಕೋರಿಕೆ ಮೊದಲು ಅತಿಥಿಗೆ ಹೋಗುತ್ತದೆ. ಅವರು 24 ಗಂಟೆಗಳಲ್ಲಿ ಹಣ ಕೊಡದಿದ್ದರೆ ಅಥವಾ ನಿರಾಕರಿಸಿದರೆ ಮಾತ್ರ ಕಂಪನಿಯನ್ನು ನಡುವೆ ಕರೆಯಬಹುದು. ಬಳಕೆಯಿಂದ ಆಗುವ ಸಹಜ ಸವೆತಕ್ಕೆ ಅದರಲ್ಲಿ ಪರಿಹಾರವಿಲ್ಲ, ಮತ್ತು ಅಲ್ಲಿ ಸಾಮಾನ್ಯ ಆತಿಥೇಯರು ತಾವಾಗಿ ಠೇವಣಿ ವಿಧಿಸುವಂತೆಯೂ ಇಲ್ಲ. ಕೋರಿಕೆ ಬರೆಯುವಾಗ ಕೋಪವನ್ನು ಪಕ್ಕಕ್ಕಿಟ್ಟು, ಏನು ಕೆಟ್ಟಿದೆ, ಹಿಂದೆ ಹೇಗಿತ್ತು, ಸರಿಪಡಿಸಲು ಎಷ್ಟು ಬೇಕು ಎಂಬ ಮೂರೇ ಸಂಗತಿಗಳನ್ನು ಚಿತ್ರ ಮತ್ತು ಅಂದಾಜು ಪಟ್ಟಿಯೊಂದಿಗೆ ಕೊಡಿ. ಎಲ್ಲ ಮಾತುಕತೆಯೂ ವೇದಿಕೆಯ ಸಂದೇಶಗಳಲ್ಲೇ ನಡೆಯಲಿ. ಫೋನಿನಲ್ಲಿ ಒಪ್ಪಿಕೊಂಡದ್ದನ್ನು ಆಮೇಲೆ ತೋರಿಸಲಾಗದು.

ನಿಜಕ್ಕೂ ಹೆದರಬೇಕಾದ್ದು ಪಾರ್ಟಿಗಳಿಗೆ. ವಾರಾಂತ್ಯಕ್ಕೆ ಒಂದೇ ರಾತ್ರಿಯ ಬುಕಿಂಗ್ ಕೊಡುವುದನ್ನು ನಾನು ನಿಲ್ಲಿಸಿದೆ, ಎಷ್ಟು ಜನ, ಯಾವ ಕಾರಣಕ್ಕೆ ಬರುತ್ತಿದ್ದೀರಿ ಎಂದು ವಿನಯದಿಂದ ಕೇಳತೊಡಗಿದೆ. ಉತ್ತರವನ್ನೇ ಕೊಡದವರಿಗೆ ಮನೆ ಕೊಡುವುದಿಲ್ಲ. ಬೀಗದ ಸಂಕೇತ ಸಂಖ್ಯೆಯನ್ನು ಪ್ರತಿ ಬುಕಿಂಗ್‌ಗೂ ಬದಲಿಸುತ್ತೇನೆ. ಮನೆಯೊಳಗೆ ಕ್ಯಾಮೆರಾ ಇಡುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ: 2024ರ ಏಪ್ರಿಲ್ 30ರಿಂದ ಏರ್‌ಬಿಎನ್‌ಬಿ ಅದನ್ನು ಸಂಪೂರ್ಣವಾಗಿ ನಿಷೇಧಿಸಿದೆ. ನಿಷೇಧ ಇಲ್ಲದಿದ್ದರೂ, ನಿಮ್ಮನ್ನು ನಂಬಿ ಮಲಗಿದವರ ಮೇಲೆ ಕಣ್ಣಿಡುವುದು ತಪ್ಪು. ಮಾತನ್ನು ದಾಖಲಿಸದೆ ಶಬ್ದದ ಮಟ್ಟವನ್ನಷ್ಟೇ ಅಳೆಯುವ ಸಾಧನಗಳಿವೆ. ಅವನ್ನು ಹಜಾರದಂಥ ಎಲ್ಲರೂ ಓಡಾಡುವ ಜಾಗದಲ್ಲಿ ಇಟ್ಟು, ಇಟ್ಟಿರುವ ಸಂಗತಿಯನ್ನು ಬುಕಿಂಗ್‌ಗೆ ಮೊದಲೇ ಬರೆದು ತಿಳಿಸಿದರೆ ಸಾಕು. ಶಬ್ದ ಏರಿದಾಗ ಒಂದು ಸೌಮ್ಯ ಸಂದೇಶ ಕಳುಹಿಸಿದರೆ ಸಾಮಾನ್ಯವಾಗಿ ಜನ ತಗ್ಗಿಸುತ್ತಾರೆ.

ಇನ್ನು ವಿಮೆ. ಸಾಮಾನ್ಯ ಗೃಹವಿಮೆ ಮಾಲೀಕರು ವಾಸಿಸುವ ಮನೆಯನ್ನು ಗಮನದಲ್ಲಿಟ್ಟುಕೊಂಡದ್ದು. ಹಣ ಪಡೆದು ಅಪರಿಚಿತರನ್ನು ತಂಗಿಸುವುದು ಹಲವು ಪಾಲಿಸಿಗಳಲ್ಲಿ ವಾಣಿಜ್ಯ ಬಳಕೆಯೆಂದು ಎಣಿಕೆಯಾಗುತ್ತದೆ. ವಿಷಯವನ್ನು ಮುಚ್ಚಿಟ್ಟರೆ ಬೆಂಕಿಯಂಥ ದೊಡ್ಡ ಅನಾಹುತದ ದಿನವೇ ಪರಿಹಾರ ನಿರಾಕರಣೆಯಾಗಬಹುದು. ಆದ್ದರಿಂದ ಮೊದಲ ಅತಿಥಿ ಬರುವುದಕ್ಕೆ ಮುಂಚೆಯೇ ನಿಮ್ಮ ವಿಮಾ ಕಂಪನಿಗೆ ಪತ್ರ ಬರೆದು, ಅಲ್ಪಾವಧಿ ಬಾಡಿಗೆ ಪಾಲಿಸಿಯೊಳಗೆ ಬರುತ್ತದೆಯೇ ಎಂದು ಕೇಳಿ. ಬಾಯಿಮಾತಿನ ಭರವಸೆಗೆ ಒಪ್ಪದೆ ಉತ್ತರವನ್ನು ಬರಹದಲ್ಲೇ ಪಡೆದು, ಮನೆಯ ಚಿತ್ರಗಳನ್ನೂ ರಸೀದಿಗಳನ್ನೂ ಇಟ್ಟ ಕಡತದಲ್ಲೇ ಅದನ್ನೂ ಸೇರಿಸಿಡಿ.